ಪೆರಂಬೂರಿನ ಶಿಳ್ಳೆಗೊಂದು ತಿದ್ದುಪಡಿ

ಸ್ವಿಟ್ಜರ್ಲೆಂಡಿಗೆ ಹೋಗಿ ಬಂದೆವು ಎಂದರೆ ಎಲ್ಲರೂ ಮೊದಲು ಹಿಮದ ಫೋಟೋ ಕೇಳುತ್ತಾರೆ. ನಮ್ಮ ಹತ್ತಿರ ಒಂದೂ ಇಲ್ಲ. ಹನ್ನೆರಡು ದಿನದಲ್ಲಿ ನಾವು ಬೆಟ್ಟ ಹತ್ತಲಿಲ್ಲ, ಸರೋವರದಲ್ಲಿ ದೋಣಿ ಏರಲಿಲ್ಲ. ನನ್ನ ಫೋನಿನಲ್ಲಿರುವುದು ಒಂದು ಹಳೆಯ ಫುಟ್‌ಬಾಲ್ ಕ್ರೀಡಾಂಗಣ. ಸಿಮೆಂಟಿನ ಮೆಟ್ಟಿಲುಗಳ ಸಂದಿಯಲ್ಲಿ ಹುಲ್ಲು, ಒಂದು ಮರದ ಸ್ಟ್ಯಾಂಡು, ನಾಲ್ಕು ದೀಪದ ಕಂಬ. ಅದನ್ನು ಕೆಡವಿ ತೆರಿಗೆಯ ಹಣದಲ್ಲಿ ಹೊಸದು ಕಟ್ಟಬೇಕೇ ಬೇಡವೇ ಎಂದು ಆ ಊರಿನ ಜನ ಮತ ಹಾಕುವ ವಾರದಲ್ಲಿ ನಾವು ಅಲ್ಲಿದ್ದೆವು.

ಊರಿನ ಹೆಸರು ಬರೆಯುತ್ತಿಲ್ಲ. ನಮ್ಮನ್ನು ಮನೆಯಲ್ಲಿ ಇಟ್ಟುಕೊಂಡಿದ್ದ ವೆರೇನಾ ಅವರು ಹೊರಡುವಾಗ ಹೇಳಿದ್ದರು: "ನಮ್ಮ ಜಗಳ ಬರೀರಿ, ವಿಳಾಸ ಬೇಡ." ಜರ್ಮನ್ ಮಾತಾಡುವ ಭಾಗದ, ನದಿ ದಂಡೆಯ ಒಂದು ಪುಟ್ಟ ಪಟ್ಟಣ ಎಂದರೆ ಸಾಕು.

ಹೊರಡುವ ಮುಂಚೆ: ಪೆರಂಬೂರು

ಚೆನ್ನೈನ ಒಂದು ಇಂಗ್ಲಿಷ್ ದಿನಪತ್ರಿಕೆಯ ಡೆಸ್ಕಿನಲ್ಲಿ ನಾನು ಇಪ್ಪತ್ತೆಂಟು ವರ್ಷ ಕೆಲಸ ಮಾಡಿದೆ. ಕೊನೆಯ ಆರು ವರ್ಷ ತಿದ್ದುಪಡಿಗಳ ಅಂಕಣ ನನ್ನ ಪಾಲಿಗಿತ್ತು. ಹಿಂದಿನ ದಿನದ ಪತ್ರಿಕೆಯಲ್ಲಿ ತಪ್ಪಾದ ಹೆಸರು, ತಪ್ಪಾದ ವಯಸ್ಸು, ಬದುಕಿರುವವರ ಹಿಂದೆ ಸೇರಿಕೊಂಡ 'ದಿವಂಗತ' ಇವುಗಳಿಗೆಲ್ಲ ಎರಡು ಸಾಲಿನಲ್ಲಿ ವಿಷಾದ ಬರೆಯುವ ಕೆಲಸ.

ಈ ಪ್ರವಾಸ ನಿಜವಾಗಿ ನನ್ನದಲ್ಲ, ನನ್ನ ಸೋದರಮಾವ ಗೋಪಿನಾಥರದು. ಮನೆಯಲ್ಲಿ ಎಲ್ಲರಿಗೂ ಗೋಪಿಮಾವ. ಪೆರಂಬೂರಿನ ರೈಲು ಬೋಗಿ ಕಾರ್ಖಾನೆಯಲ್ಲಿ ಫಿಟ್ಟರಾಗಿ ಸೇರಿ ಫೋರ್‌ಮನ್ ಆಗಿ ನಿವೃತ್ತರಾದವರು. ಕಾರ್ಖಾನೆಯ ಫುಟ್‌ಬಾಲ್ ತಂಡಕ್ಕೆ ಹದಿನಾಲ್ಕು ವರ್ಷ ಎಡಗಡೆಯ ಬ್ಯಾಕ್ ಆಡಿದರು. ಈಗ ಎಪ್ಪತ್ತಾರು. ಒಂದು ಕಿವಿ ಅಷ್ಟಾಗಿ ಕೇಳುವುದಿಲ್ಲ. ಆದರೂ ನಗರದ ಫುಟ್‌ಬಾಲ್ ತಂಡದ ಪಂದ್ಯವಿದ್ದರೆ ಪಾರ್ಕ್ ಟೌನಿನ ಸ್ಟೇಡಿಯಮ್ಮಿಗೆ ಲೋಕಲ್ ರೈಲು ಹಿಡಿದು ಹೋಗುತ್ತಾರೆ. ಎರಡು ಬೆರಳು ನಾಲಿಗೆ ಕೆಳಗಿಟ್ಟು ಅವರು ಊದುವ ಶಿಳ್ಳೆ ಆ ಗ್ಯಾಲರಿಯಲ್ಲಿ ಪ್ರಸಿದ್ಧ. ಗೋಲು ಬಂದರೆ ಒಂದು, ಒಳ್ಳೆಯ ಪಾಸಿಗೆ ಒಂದು, ಪೆಟ್ಟು ತಿಂದು ಎದ್ದು ನಿಂತ ಎದುರಾಳಿಗೂ ಒಂದು. ಚಪ್ಪಾಳೆ ಮದುವೆಮನೆಗೆ, ಶಿಳ್ಳೆ ಆಟಕ್ಕೆ ಎನ್ನುವುದು ಅವರ ಲೆಕ್ಕ.

ಕಾರ್ಖಾನೆ ಕಟ್ಟುವ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಎಂಜಿನಿಯರುಗಳು ಪೆರಂಬೂರಿಗೆ ಬಂದಿದ್ದರು. ಅವರಲ್ಲೊಬ್ಬರ ಮಗ ಊರ್ಸ್. ಗೋಪಿಮಾವನ ಓರಗೆಯವನು. ಸಾಹೇಬರ ಕ್ವಾರ್ಟರ್ಸಿಗೂ ಮಾವನ ಅಪ್ಪನಂಥ ಗುಮಾಸ್ತರ ಕ್ವಾರ್ಟರ್ಸಿಗೂ ನಡುವೆ ಒಂದು ಗೋಡೆ. ಸಂಜೆ ಗೋಡೆಯ ಈಚೆಯಿಂದ ಒಂದು ಉದ್ದದ ಶಿಳ್ಳೆ, ಎರಡು ಚಿಕ್ಕವು. ಚೆಂಡು ಸಿದ್ಧ, ಬಾ ಎಂದು ಅರ್ಥ. ಆಚೆಯಿಂದ ಅದೇ ಉತ್ತರ ಬಂದರೆ ಬರುತ್ತೇನೆ ಎಂದು. ಹತ್ತನೆಯ ವಯಸ್ಸಿಗೆ ಊರ್ಸ್ ತಮ್ಮ ದೇಶಕ್ಕೆ ಹಿಂದಿರುಗಿದರು. ಆಮೇಲೆ ವರ್ಷಕ್ಕೊಂದು ಕಾರ್ಡು, ಇತ್ತೀಚೆಗೆ ಫೋನು. ಹೋದ ಬೇಸಿಗೆಯಲ್ಲಿ ಒಂದು ಸಂದೇಶ ಬಂತು: "ನಮ್ಮ ಮೈದಾನ ನೋಡಬೇಕೆಂದಿದ್ದರೆ ಸೆಪ್ಟೆಂಬರಿನಲ್ಲಿ ಬಾ. ಆಮೇಲೆ ಅದು ಇರುತ್ತದೋ ಇಲ್ಲವೋ."

ಮಾವನನ್ನು ಒಬ್ಬರೇ ಕಳಿಸಲು ಮನೆಯಲ್ಲಿ ಯಾರೂ ಒಪ್ಪಲಿಲ್ಲ. ನಿವೃತ್ತಳಾಗಿ ಸುಮ್ಮನೆ ಕೂತಿದ್ದವಳು ನಾನೊಬ್ಬಳೇ.

ಗುರುವಾರ: ಅಡುಗೆಮನೆಯ ಮೇಜು

ರೈಲ್ವೆ ಪ್ಲಾಟ್‌ಫಾರಮ್ಮಿನ ಕೊನೆಯಲ್ಲಿ ಎತ್ತರದ, ಸ್ವಲ್ಪ ಬಾಗಿದ ಒಬ್ಬರು ನಿಂತಿದ್ದರು. ಮಾವ ಸೂಟ್‌ಕೇಸು ನನ್ನ ಕೈಗೆ ದಾಟಿಸಿ ನೇರ ಅವರ ಮುಂದೆ ಹೋಗಿ ನಿಂತರು.

"ಡೇಯ್ ಊರ್ಸು. ಎಪ್ಪಡಿ ಇರುಕೆ?"

"ನಲ್ಲಾ ಇರುಕೇನ್ ಡಾ," ಎಂದರು ಅವರು. ಹೇಗಿದೀಯ ಎಂದದ್ದಕ್ಕೆ ಚೆನ್ನಾಗಿದೀನಿ ಕಣೋ ಎಂದು, ಅರವತ್ತೈದು ವರ್ಷ ಬಳಸದೆ ಇಟ್ಟಿದ್ದ ತಮಿಳಿನಲ್ಲಿ. ಅಪ್ಪಿಕೊಳ್ಳಲಿಲ್ಲ. ಕೈ ಕುಲುಕಿದರು, ಬಹಳ ಹೊತ್ತು.

ಕಾರಿನಲ್ಲಿ ಮಾವ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: "ಹಲ್ಲು ಕಟ್ಟಿಸ್ಕೊಂಡಿದಾನೆ ಕಣೇ ಪದ್ದು. ಆಗ ಮುಂದಿನದೆರಡು ಇರ್ಲೇ ಇಲ್ಲ. ನಾನೇ ಉದುರ್ಸಿದ್ದು, ಚೆಂಡಲ್ಲಿ."

ಊರ್ಸ್, ವೆರೇನಾ ದಂಪತಿಗೆ ಒಂದು ಮೂರಂತಸ್ತಿನ ಕಟ್ಟಡದ ಮೊದಲ ಮಹಡಿಯಲ್ಲಿ ಮನೆ. ನಮ್ಮ ಮೊದಲ ಅನಾಹುತ ಅಲ್ಲೇ ಆಯಿತು. ಮಾವ ಉಡುಗೊರೆಯೆಂದು ಮಾಗಳಿಬೇರಿನ ಉಪ್ಪಿನಕಾಯಿ ತಂದಿದ್ದರು. ಅದರ ವಾಸನೆ ಗೊತ್ತಿದ್ದವರಿಗೆ ವಿವರಿಸಬೇಕಿಲ್ಲ, ಗೊತ್ತಿಲ್ಲದವರಿಗೆ ವಿವರಿಸಲು ಬರುವುದಿಲ್ಲ. ಮುಚ್ಚಳ ತೆರೆದು ಐದು ನಿಮಿಷಕ್ಕೆ ಮೇಲಿನ ಮನೆಯವರು ಬಾಗಿಲು ತಟ್ಟಿ, ನಿಮ್ಮಲ್ಲೂ ಚರಂಡಿ ಕಟ್ಟಿದೆಯೇ ಎಂದು ವಿನಯದಿಂದ ಕೇಳಿದರು. ವೆರೇನಾ ಬಾಟಲನ್ನು ಬಾಲ್ಕನಿಗೆ ಕಳಿಸಿದರು. ಊರ್ಸ್ ಊಟಕ್ಕೆ ಮುಂಚೆ ದಿನವೂ ಬಾಲ್ಕನಿಗೆ ಹೋಗಿ ಒಂದು ತುಂಡು ತಿಂದು ಬರುತ್ತಿದ್ದರು.

ಊಟದ ಮೇಜಿನ ಮೇಲೆ ಒಂದು ತೆಳುವಾದ ಪುಸ್ತಿಕೆ ಇತ್ತು. ಪಟ್ಟಣದ ಪ್ರತಿ ಮತದಾರನಿಗೂ ಅಂಚೆಯಲ್ಲಿ ಬಂದಿರುವುದು. ನಾನು ಅದನ್ನು ಫೋನಿನ ಅನುವಾದದ ಸಹಾಯದಿಂದ ಓದಿದೆ.

ವಿಷಯ ಇಷ್ಟು. ಊರಿನ ಕ್ಲಬ್ಬು ದೇಶದ ಎರಡನೆಯ ದರ್ಜೆಯ ವೃತ್ತಿಪರ ಲೀಗಿನಲ್ಲಿ ಆಡುತ್ತದೆ. ಇಷ್ಟು ಆಸನ, ಇಂಥ ದೀಪ, ಇಂಥ ಬಾಗಿಲು ಇರಲೇಬೇಕು ಎಂದು ಲೀಗಿನ ನಿಯಮ. ಹಳೆಯ ಕ್ರೀಡಾಂಗಣದಲ್ಲಿ ಅದ್ಯಾವುದೂ ಇಲ್ಲ. ವರ್ಷವರ್ಷವೂ ವಿನಾಯಿತಿ ಕೊಟ್ಟು ಸಾಕಾದ ಲೀಗು ಇದೇ ಕೊನೆ ಎಂದಿತ್ತು. ಹೊಸದಕ್ಕೆ ಅರ್ಧ ಹಣ ಕ್ಲಬ್ಬಿನ ಮಾಲೀಕರದು, ಉಳಿದರ್ಧ ಪಟ್ಟಣದ್ದು. ಪಟ್ಟಣದ ಹಣ ಎಂದರೆ ತೆರಿಗೆ, ಆದ್ದರಿಂದ ಜನರ ಒಪ್ಪಿಗೆ ಬೇಕು. ಒಪ್ಪದಿದ್ದರೆ ಮುಂದಿನ ವರ್ಷದಿಂದ ಕ್ಲಬ್ಬು ತನ್ನ ಪಂದ್ಯಗಳನ್ನು ಮುಕ್ಕಾಲು ಗಂಟೆ ದೂರದ ಬೇರೊಂದು ಊರಿನಲ್ಲಿ ಆಡುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಪುಸ್ತಿಕೆಯ ರೀತಿ. ಯೋಜನೆ ತಂದಿರುವುದು ಪಟ್ಟಣದ ಆಡಳಿತ, ಪುಸ್ತಿಕೆ ಅಚ್ಚು ಹಾಕಿಸಿದ್ದೂ ಅದೇ. ಆದರೂ ಎಡಪುಟದಲ್ಲಿ ಬೇಕು ಎನ್ನುವವರ ವಾದ, ಬಲಪುಟದಲ್ಲಿ ಬೇಡ ಎನ್ನುವವರದು. ಅಕ್ಷರದ ಗಾತ್ರ ಒಂದೇ, ಸಾಲುಗಳ ಸಂಖ್ಯೆ ಬಹುತೇಕ ಒಂದೇ. ತನ್ನನ್ನು ವಿರೋಧಿಸುವವರ ಮಾತನ್ನು ತನ್ನ ಖರ್ಚಿನಲ್ಲೇ ಮನೆಮನೆಗೆ ಮುಟ್ಟಿಸುವ ಸರ್ಕಾರಿ ಕಾಗದವನ್ನು ನಾನು ಅದುವರೆಗೆ ಕೈಯಲ್ಲಿ ಹಿಡಿದಿರಲಿಲ್ಲ. ನಮ್ಮಲ್ಲಿ ಸ್ಟೇಡಿಯಂ ಎಂದರೆ ಶಂಕುಸ್ಥಾಪನೆ, ಆಮೇಲೆ ಉದ್ಘಾಟನೆ. ಎರಡರ ವರದಿಗಳನ್ನೂ ಎಷ್ಟೋ ಸಲ ತಿದ್ದಿದ್ದೇನೆ. ವೇದಿಕೆಯ ಮೇಲೆ ಯಾರಿದ್ದರು ಎಂಬುದನ್ನು ಎರಡೆರಡು ಸಲ ಪರಿಶೀಲಿಸುತ್ತಿದ್ದೆ. ಇದು ಬೇಕೇ ಎಂದು ಯಾರನ್ನಾದರೂ ಕೇಳಿದ್ದರೇ ಎಂದು ಒಮ್ಮೆಯೂ ವಿಚಾರಿಸಿರಲಿಲ್ಲ.

"ನೀವಿಬ್ಬರೂ ಹೂಂ ಅಂತಲೇ ಹಾಕ್ತೀರಲ್ಲ," ಎಂದೆ ನಾನು. ಇಂಗ್ಲಿಷಿನಲ್ಲಿ ನಡೆದ ಮಾತನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಊರ್ಸ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರು. "ನಾನು ಹೂಂ. ಇವಳನ್ನ ಕೇಳಿ."

"ನಾನು ಬೇಡ," ಎಂದರು ವೆರೇನಾ.

ವೆರೇನಾ ಇಪ್ಪತ್ತು ವರ್ಷದಿಂದ ಅದೇ ಕ್ರೀಡಾಂಗಣದ ಗೇಟಿನಲ್ಲಿ, ಸಂಬಳವಿಲ್ಲದೆ, ಕ್ಲಬ್ಬಿಗಾಗಿ ಸಾಸೇಜು ಸುಡುವವರು. ಊರ್ಸ್ ಮೂವತ್ತು ವರ್ಷದಿಂದ ಅಲ್ಲಿನ ಹುಲ್ಲಿನ ಮೇಲೆ ಬಿಳಿ ಗೆರೆ ಎಳೆಯುವವರು, ಅದೂ ಸಂಬಳವಿಲ್ಲದೆ.

"ಮಾಲೀಕ ಆಟಗಾರನನ್ನ ಮಾರಿದಾಗ ಲಾಭ ಅವನದು," ಎಂದರು ವೆರೇನಾ. "ಸೂರು ಹಾಕಬೇಕಾದಾಗ ಮಾತ್ರ ನಾವೆಲ್ಲ ಒಂದೇ ಕುಟುಂಬ ಅಂತ ಅವನಿಗೆ ನೆನಪಾಗತ್ತೆ. ಶಾಲೆಯ ಈಜುಕೊಳ ಮುಚ್ಚಿ ಎಷ್ಟು ದಿನ ಆಯ್ತು?"

"ನಮ್ಮೂರಿನ ನಾಟಕಶಾಲೆಗೆ ನಾನು ಒಂದೇ ಸಲ ಹೋಗಿದ್ದು. ನಿದ್ದೆ ಬಂತು," ಎಂದರು ಊರ್ಸ್ ನನ್ನ ಕಡೆ ತಿರುಗಿ. "ಆದರೂ ಅದರ ಸೂರಿನ ಖರ್ಚಿಗೆ ಮತ ಕೇಳಿದಾಗ ಹೂಂ ಅಂತ ಹಾಕಿದೆ. ನಿದ್ದೆ ಬರದವರಿಗೆ ಅದು ಬೇಕಲ್ಲ."

"ನೋಡಿ, ಈ ನಾಟಕಶಾಲೆ ಕತೆ ಮಾರ್ಚಿಂದ ಕೇಳ್ತಿದೀನಿ."

ಮಾವ ತಟ್ಟೆಯ ಮೇಲೆ ಬಗ್ಗಿ ನನ್ನ ಕಿವಿಯಲ್ಲಿ ಕೇಳಿದರು. "ಏನಂತೆ ಪದ್ದು, ಗಂಡ ಹೆಂಡತಿ ಜಗಳವಾ?"

"ಅಲ್ಲ ಮಾವ. ವೋಟು."

"ಅಯ್ಯೋ, ಇವಳು ಎದುರು ಪಾರ್ಟಿಯಾ? ಆಮೇಲೂ ಅವನಿಗೆ ಊಟ ಹಾಕ್ತಾಳಾ?"

ಊಟ ವೆರೇನಾ ಹಾಕಿದರು, ಪಾತ್ರೆ ಊರ್ಸ್ ತೊಳೆದರು. ಮಲಗುವ ಮುಂಚೆ ಊರ್ಸ್ ನನಗೆ ಇನ್ನೊಂದು ಮಾತು ಹೇಳಿದರು, ವೆರೇನಾ ಇಲ್ಲದಾಗ. "ಆ ಬೇರೆ ಊರಿನ ಮೈದಾನದಲ್ಲಿ ಗೆರೆ ಎಳೆಯೋಕೆ ಅವರದೇ ಮನುಷ್ಯ ಇದಾನೆ. ನನಗೆ ಅಲ್ಲಿ ಟಿಕೆಟ್ ಸಿಗತ್ತೆ. ಕೆಲಸ ಸಿಗಲ್ಲ."

ಶನಿವಾರ: ದಾರ, ಹೂಗುಚ್ಛ, ಎರಡು ಬೆರಳು

ಬೆಳಿಗ್ಗೆ ಎಂಟಕ್ಕೆ ಮೈದಾನಕ್ಕೆ ಹೋದೆವು. ಗೆರೆ ಎಳೆಯುವುದಕ್ಕೆ ಊರ್ಸ್ ಅವರಲ್ಲಿ ಮೂರು ಗಾಲಿಯ ಒಂದು ಸಣ್ಣ ಗಾಡಿ ಇತ್ತು, ಹೊಟ್ಟೆಯಲ್ಲಿ ಬಿಳಿ ಬಣ್ಣ. ಹಳೆಯ ಗೆರೆ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಆದರೂ ಅವರು ಮೂಲೆಯಿಂದ ಮೂಲೆಗೆ ಗೂಟ ನೆಟ್ಟು, ದಾರ ಬಿಗಿದು, ಆಮೇಲೇ ಗಾಡಿ ತಳ್ಳಿದರು.

"ಮೂವತ್ತು ವರ್ಷ ಆದ್ಮೇಲೂ ದಾರ ಬೇಕಾ?" ಎಂದರು ಮಾವ, ಇಂಗ್ಲಿಷಿನಲ್ಲಿ. "ನಾವು ಡಬ್ಬಕ್ಕೆ ತೂತು ಹೊಡೆದು ಸುಣ್ಣ ತುಂಬಿಸಿ ಕಣ್ಣಂದಾಜಲ್ಲೇ ಹಾಕ್ತಿದ್ವಿ."

"ಅದಕ್ಕೇ ನಿಮ್ಮ ಗೋಲ್‌ಕೀಪರ್ ಯಾವಾಗಲೂ ತಪ್ಪು ಜಾಗದಲ್ಲಿ ನಿಲ್ತಿದ್ದ."

ಮಾವ ಆಚೆ ಮೂಲೆಗೆ ಹೋಗಿ ದಾರದ ತುದಿ ಹಿಡಿದರು. ನಡುವೆ ನೂರು ಹೆಜ್ಜೆಗೂ ಹೆಚ್ಚು ದೂರ. ಇಬ್ಬರಿಗೂ ಕೂಗಿದರೆ ಕೇಳುವ ವಯಸ್ಸಲ್ಲ. ಗೂಟ ನೆಟ್ಟ ಮೇಲೆ ಮಾವ ಎರಡು ಬೆರಳು ಬಾಯಿಗಿಟ್ಟು ಒಂದು ಉದ್ದ, ಎರಡು ಚಿಕ್ಕ ಶಿಳ್ಳೆ ಹಾಕಿದರು. ಊರ್ಸ್ ಬಗ್ಗಿದವರು ನೆಟ್ಟಗಾದರು. ಗಾಡಿ ತಳ್ಳಿದರು. ಮಿಕ್ಕ ಗೆರೆಗಳೆಲ್ಲ ಶಿಳ್ಳೆಯ ಮೇಲೇ ನಡೆದವು.

ಮಧ್ಯಾಹ್ನ ಪಂದ್ಯ. ಎದುರು ಊರಿನ ಬೆಂಬಲಿಗರು ರೈಲಿನಲ್ಲಿ ಬಂದಿಳಿದರು. ಅವರಿಗೂ ಇವರಿಗೂ ಸಾಸೇಜು ಸುಟ್ಟು ಕೊಡುವವರು ಒಬ್ಬರೇ, ವೆರೇನಾ. ಸಾಲಿನಲ್ಲಿ ಎರಡೂ ಬಣ್ಣದ ಮಫ್ಲರುಗಳು ಒಂದರ ಹಿಂದೆ ಒಂದು ನಿಂತಿದ್ದವು. ನಾವು ಮರದ ಸ್ಟ್ಯಾಂಡಿನಲ್ಲಿ ಕೂತೆವು. ಸಿಮೆಂಟಿನ ಮೆಟ್ಟಿಲುಗಳ ಕಡೆ ಜನ ತೊಂಬತ್ತು ನಿಮಿಷವೂ ನಿಂತೇ ಇರುತ್ತಾರೆ. ಡೋಲು ಬಾರಿಸಿಕೊಂಡು "ಹೊಪ್, ಹೊಪ್" ಎಂದು ಕೂಗುತ್ತಾರೆ. ಅಲ್ಲಿದ್ದವರಲ್ಲಿ ಅರ್ಧ ಜನ ಮಾವನ ವಯಸ್ಸಿನವರು. ತಂಡ ಎರಡು ಗೋಲು ಹಿಂದೆ ಬಿದ್ದಾಗ ಡೋಲು ನಿಲ್ಲಲಿಲ್ಲ, ಜೋರಾಯಿತು. ಯಾರೂ ಎದ್ದು ಹೋಗಲಿಲ್ಲ. ನಮ್ಮೂರಿನ ಗ್ಯಾಲರಿಯಲ್ಲಿ ಎರಡನೆಯ ಗೋಲಿಗೆ ಪಾರ್ಕಿಂಗಿನಿಂದ ಸ್ಕೂಟರುಗಳ ಸದ್ದು ಶುರುವಾಗಿರುತ್ತದೆ.

ವಿರಾಮದಲ್ಲಿ ಧ್ವನಿವರ್ಧಕದಲ್ಲಿ ಊರ್ಸ್ ಹೆಸರು ಕೇಳಿಸಿತು. ಮೂವತ್ತು ವರ್ಷ ಗೆರೆ ಎಳೆದವರಿಗೆ ಗೌರವ. ಪಟ್ಟಣದ ಅಧ್ಯಕ್ಷೆ ಕೈಯಲ್ಲಿ ಹೂಗುಚ್ಛ ಹಿಡಿದು ಮೈದಾನದ ಮಧ್ಯಕ್ಕೆ ಬಂದರು. ಊರ್ಸ್ ಕೆಲಸದ ಬಟ್ಟೆಯಲ್ಲೇ ನಿಂತಿದ್ದರು. ಅಧ್ಯಕ್ಷೆ ಮೈಕು ಹಿಡಿದು ಮಾತು ಶುರು ಮಾಡಿದರು. ಜನ ಸದ್ದಿಲ್ಲದೆ ಕೇಳುತ್ತಿದ್ದರು.

ಮಾವ ಎದ್ದು ನಿಂತರು. ನಾನು ಅವರ ಶರ್ಟು ಹಿಡಿದೆಳೆಯುವಷ್ಟರಲ್ಲಿ ಎರಡು ಬೆರಳು ಬಾಯಲ್ಲಿತ್ತು. ಪಾರ್ಕ್ ಟೌನಿನಲ್ಲಿ ಹತ್ತಾರು ಸಾವಿರ ಗಂಟಲುಗಳ ನಡುವೆ ಕೇಳಿಸುವ ಶಿಳ್ಳೆ ಆ ಮೌನದಲ್ಲಿ ಹೇಗೆ ಕೇಳಿಸಿರಬೇಕು ಎಂದು ನೀವೇ ಊಹಿಸಿ. ಒಂದಲ್ಲ, ಮೂರು.

ಸುತ್ತಲಿನ ತಲೆಗಳೆಲ್ಲ ನಮ್ಮ ಕಡೆ ತಿರುಗಿದವು. ಮುಂದಿನ ಸಾಲಿನ ಒಬ್ಬರು ತುಟಿ ಬಿಗಿದು ತಲೆಯಾಡಿಸಿದರು. ಅಧ್ಯಕ್ಷೆ ಅರೆಕ್ಷಣ ನಿಲ್ಲಿಸಿ, ನಕ್ಕಂತೆ ಮಾಡಿ, ಮಾತನ್ನು ಚಿಕ್ಕದು ಮಾಡಿ ಹೂವು ಕೊಟ್ಟು ಹೋದರು. ಊರ್ಸ್ ಮಾತ್ರ ನಮ್ಮ ಸ್ಟ್ಯಾಂಡಿನ ಕಡೆ ನೋಡಿ ಕೈಯೆತ್ತಿದರು.

"ನೋಡ್ದ್ಯಾ, ಕೇಳಿಸ್ತು ಅವನಿಗೆ," ಎಂದು ಮಾವ ತೃಪ್ತಿಯಿಂದ ಕೂತರು.

ಸೋಮವಾರ: ಏಳನೆಯ ಪುಟ

ಭಾನುವಾರ ಅಲ್ಲಿ ಪತ್ರಿಕೆ ಇಲ್ಲ. ಸೋಮವಾರ ಬೆಳಿಗ್ಗೆ ವೆರೇನಾ ಕಾಫಿ ಕುಡಿಯುತ್ತ ಊರಿನ ದಿನಪತ್ರಿಕೆಯ ಏಳನೆಯ ಪುಟದಲ್ಲಿ ನಿಂತರು. ನನ್ನ ಕಡೆ ನೋಡಿದರು. ಆಮೇಲೆ ಪುಟವನ್ನು ನನ್ನ ಮುಂದೆ ಸರಿಸಿದರು.

ಶೀರ್ಷಿಕೆಯ ಅರ್ಥ ಹೀಗೆ: ಅಧ್ಯಕ್ಷೆಯ ಮಾತಿಗೆ ಸ್ಟ್ಯಾಂಡಿನಿಂದ ಶಿಳ್ಳೆ. ಕೆಳಗೆ, ಮತದಾನಕ್ಕೆ ವಾರವಿರುವಾಗ ಕ್ಲಬ್ಬಿನ ಬೆಂಬಲಿಗರಲ್ಲೇ ಯೋಜನೆಯ ಬಗ್ಗೆ ಅಸಮಾಧಾನವಿರುವಂತೆ ತೋರಿತು ಎಂದಿತ್ತು.

"ಇಲ್ಲಿ ಶಿಳ್ಳೆ ಅಂದ್ರೆ ಧಿಕ್ಕಾರ," ಎಂದರು ವೆರೇನಾ. "ರೆಫರಿಗೆ ಹಾಕ್ತೀವಿ. ಕೆಟ್ಟ ಆಟಕ್ಕೆ ಹಾಕ್ತೀವಿ. ಊರ್ಸ್‌ಗೆ ಯಾರೂ ಹಾಕಲ್ಲ ಅಂತ ಎಲ್ಲರಿಗೂ ಗೊತ್ತು. ಹಾಗಾದ್ರೆ ಅಧ್ಯಕ್ಷೆಗೇ ಇರಬೇಕು ಅಂದ್ಕೊಂಡ್ರು."

ಊರ್ಸ್ ಅವರಿಗೆ ಶನಿವಾರವೇ ಎಲ್ಲ ತಿಳಿದಿತ್ತು. ಕ್ಲಬ್ಬಿನವರು ಸಂಜೆಯೇ ಕೇಳಿದ್ದರಂತೆ, ಯಾರದು ಅದು ಎಂದು. ಇವರು ಹೇಳಿರಲಿಲ್ಲ.

"ನಮಗಾದ್ರೂ ಹೇಳಬಹುದಿತ್ತು," ಎಂದೆ.

"ಅರವತ್ತೈದು ವರ್ಷ ಆದ್ಮೇಲೆ ಅವನು ನನಗೆ ಹಾಕಿದ ಶಿಳ್ಳೆ," ಎಂದರು ಊರ್ಸ್. "ಅದು ತಪ್ಪು ಅಂತ ಹೇಗೆ ಹೇಳಲಿ?"

ಮಾವನಿಗೆ ಕನ್ನಡದಲ್ಲಿ ವಿವರಿಸಿದೆ. ಅವರು ಕಾಫಿ ಲೋಟ ಕೆಳಗಿಟ್ಟರು. "ನನ್ನಿಂದ ಅವನ ಗ್ರೌಂಡು ಹೋಗತ್ತಾ ಪದ್ದು?" ಎಂದರು.

ಸಮಾಧಾನ ಹೇಳುವುದು ನನಗೆ ಅಷ್ಟು ಬರುವುದಿಲ್ಲ. ಪತ್ರಿಕೆಯಲ್ಲಿ ತಪ್ಪು ಬಂದರೆ ಏನು ಮಾಡಬೇಕೆಂದು ಮಾತ್ರ ಗೊತ್ತು. "ಶರ್ಟು ಹಾಕ್ಕೊಳ್ಳಿ ಮಾವ," ಎಂದೆ.

ಪತ್ರಿಕೆಯ ಕಚೇರಿ ಒಂದು ಬೇಕರಿಯ ಮೇಲೆ. ಹತ್ತು ಮೇಜು. ಇಪ್ಪತ್ತೆಂಟು ವರ್ಷ ನಾನು ಈ ಕಡೆ ಕೂತು, ದೂರು ತಂದವರನ್ನು ಆ ಕಡೆ ನಿಲ್ಲಿಸಿದ್ದೆ. ಆ ಕಡೆ ನಿಂತರೆ ಎಷ್ಟು ಹೆದರಿಕೆಯಾಗುತ್ತದೆ ಎಂದು ಅವತ್ತು ಗೊತ್ತಾಯಿತು. ವರದಿ ಬರೆದವನು ನಲವತ್ತರ ಆಸುಪಾಸಿನ ಗಡ್ಡದವನು. ಕುರ್ಚಿ ಕೊಟ್ಟ, ನೀರು ಕೊಟ್ಟ, ಎಲ್ಲ ಕೇಳಿ ಬರೆದುಕೊಂಡ. ಆಮೇಲೆ ಕೇಳಿದ: "ಕ್ಷಮಿಸಿ. ಆ ಶಿಳ್ಳೆ ಇವರದೇ ಅಂತ ನನಗೆ ಹೇಗೆ ತಿಳಿಯಬೇಕು?"

ನನಗೆ ಕೋಪ ಬರಲಿಲ್ಲ. ನಾನೂ ಅದನ್ನೇ ಕೇಳುತ್ತಿದ್ದೆ.

"ಏನಂತಾನೆ?" ಎಂದರು ಮಾವ.

"ಪ್ರೂಫ್ ಬೇಕಂತೆ."

ಮಾವ ಎದ್ದರು. ಹತ್ತು ಮೇಜಿನ ಹತ್ತು ತಲೆಗಳು ಒಟ್ಟಿಗೆ ಮೇಲೆದ್ದವು. ಕೆಳಗಿನ ಬೇಕರಿಯಿಂದ ಒಬ್ಬಾಕೆ ಮೆಟ್ಟಿಲು ಹತ್ತಿ ಬಂದು ಇಣುಕಿ ನೋಡಿದರು. ವರದಿಗಾರ ಕಿವಿಯಿಂದ ಕೈ ತೆಗೆದು, "ಇದೇ," ಎಂದ.

ಅಷ್ಟಕ್ಕೇ ಬಿಡಲಿಲ್ಲ. ನಮ್ಮೆದುರೇ ಊರ್ಸ್ ಅವರಿಗೆ ಫೋನು ಮಾಡಿದ. ಪಟ್ಟಣದ ಕಚೇರಿಗೂ ಮಾಡಿದ. ಆ ಶಿಸ್ತನ್ನು ನಾನು ಮನಸ್ಸಿನಲ್ಲೇ ಅಂಕ ಹಾಕುತ್ತ ನೋಡಿದೆ.

ಬುಧವಾರ, ಗುರುವಾರ: ಎರಡು ಲಕೋಟೆ

ಬುಧವಾರ ತಿದ್ದುಪಡಿ ಬಂತು. ಅದೇ ಏಳನೆಯ ಪುಟ, ಅದೇ ಜಾಗ, ಅಷ್ಟೇ ದಪ್ಪ ಶೀರ್ಷಿಕೆ. ಶನಿವಾರದ ಶಿಳ್ಳೆ ಚೆನ್ನೈನ ಪೆರಂಬೂರಿನಿಂದ ಬಂದ ಅತಿಥಿಯೊಬ್ಬರದು, ಅದು ಬಾಲ್ಯದ ಗೆಳೆಯ ಊರ್ಸ್ ಅವರಿಗೆ ಹಾಕಿದ್ದು, ಅವರ ಊರಿನಲ್ಲಿ ಶಿಳ್ಳೆ ಚಪ್ಪಾಳೆಗಿಂತ ದೊಡ್ಡ ಮೆಚ್ಚುಗೆ. ಕೊನೆಯ ಎರಡು ಸಾಲು: "ನಾವು ವಿಚಾರಿಸಬೇಕಿತ್ತು. ವಿಚಾರಿಸಲಿಲ್ಲ."

ಆರು ವರ್ಷದಲ್ಲಿ ನಾನು ಬರೆದ ತಿದ್ದುಪಡಿಗಳೆಲ್ಲ 'ವಿಷಾದಿಸುತ್ತೇವೆ' ಎಂದು ಮುಗಿದವು. ಆ ಪದದಲ್ಲಿ ಯಾರು ಏನು ಮಾಡಲಿಲ್ಲ ಎನ್ನುವುದು ಗೊತ್ತಾಗುವುದಿಲ್ಲ. ಇವರ ಎರಡು ಸಾಲನ್ನು ಕತ್ತರಿಸಿ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡೆ.

ಅಲ್ಲಿ ಮತದಾನದ ದಿನಕ್ಕೆ ವಾರಗಳ ಮುಂಚಿನಿಂದಲೇ ಮನೆಯಲ್ಲಿ ಮತಪತ್ರ ತುಂಬಿ ಲಕೋಟೆಯಲ್ಲಿ ಕಳಿಸಬಹುದು. ಗುರುವಾರ ಸಂಜೆ ಊರ್ಸ್ ಊಟದ ಮನೆಯಲ್ಲಿ, ವೆರೇನಾ ಅಡುಗೆಮನೆಯಲ್ಲಿ, ಬೇರೆ ಬೇರೆ ಕೂತು ಮತಪತ್ರ ತುಂಬಿದರು. ಯಾರು ಏನು ಬರೆಯುತ್ತಾರೆ ಎಂದು ಇಬ್ಬರಿಗೂ ಗೊತ್ತು, ನಮಗೂ ಗೊತ್ತು. ಆದರೂ ನಡುವಿನ ಬಾಗಿಲು ಮುಚ್ಚಿಕೊಂಡರು. ಲಕೋಟೆ ಅಂಟಿಸಿದ ಮೇಲೆ ಕೋಟು ಹಾಕಿ ಇಬ್ಬರೂ ಒಟ್ಟಿಗೆ ಪುರಭವನದ ಪೆಟ್ಟಿಗೆಗೆ ಹಾಕಲು ಹೊರಟರು. ಊರ್ಸ್ ಅವರಿಗೆ ಮೊಣಕಾಲು ನೋವು, ವೆರೇನಾ ತೋಳು ಕೊಟ್ಟಿದ್ದರು. ಮಾವ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು.

"ಅವಳ ವೋಟು ಅವನ ವೋಟನ್ನ ಹೊಡೆದು ಹಾಕತ್ತೆ, ಅಲ್ವಾ?"

"ಹೌದು ಮಾವ."

"ಮನೇಲೇ ಇದ್ದಿದ್ರೆ ಒಂದೇ ಆಗ್ತಿತ್ತು. ಚಳೀಲಿ ನಡ್ಕೊಂಡು ಬೇರೆ ಹೋಗ್ತಾರೆ." ಕಿಟಕಿಯಿಂದ ತಿರುಗುತ್ತ ಸೇರಿಸಿದರು, "ಗಟ್ಟಿ ಹೆಂಗಸು."

ಭಾನುವಾರ: ಪುರಭವನದ ಮೆಟ್ಟಿಲು

ಫಲಿತಾಂಶ ಮಧ್ಯಾಹ್ನ ಎರಡಕ್ಕೆ. ಪುರಭವನದ ಮುಂದೆ ಮಫ್ಲರು ಹಾಕಿದವರು ಒಂದು ಕಡೆ, ಈಜುಕೊಳದ ಚಿತ್ರದ ಫಲಕ ಹಿಡಿದವರು ಇನ್ನೊಂದು ಕಡೆ. ಪೊಲೀಸರನ್ನು ಹುಡುಕಿದೆ. ಒಬ್ಬರಿದ್ದರು, ಐಸ್‌ಕ್ರೀಮ್ ತಿನ್ನುತ್ತಿದ್ದರು. ಅಧ್ಯಕ್ಷೆ ಮೆಟ್ಟಿಲ ಮೇಲೆ ಬಂದು ಕಾಗದ ನೋಡಿ ಓದಿದರು.

ಬೇಡ ಗೆದ್ದಿತ್ತು. ಅಂತರ ಬಹಳ ಸಣ್ಣದು. ಪಂದ್ಯದ ಶನಿವಾರ ಸಿಮೆಂಟಿನ ಮೆಟ್ಟಿಲುಗಳ ಮೇಲೆ ನಿಂತಿದ್ದ ಜನರಷ್ಟೂ ಅಲ್ಲ.

ಯಾರೂ ಕೂಗಲಿಲ್ಲ. ತಾವೇ ತಂದ ಯೋಜನೆ ಬಿದ್ದುಹೋದದ್ದನ್ನು ಅಧ್ಯಕ್ಷೆ ಅದೇ ಧ್ವನಿಯಲ್ಲಿ ಓದಿ, ಮತ ಹಾಕಿದವರಿಗೆಲ್ಲ ಧನ್ಯವಾದ ಹೇಳಿ ಕೆಳಗಿಳಿದರು. ಊರ್ಸ್ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಫಲಕ ಹಿಡಿದವರಲ್ಲೊಬ್ಬರು ಬಂದು ಅವರ ಭುಜ ಮುಟ್ಟಿ ಏನೋ ಹೇಳಿದರು. ಆಮೇಲೆ ತಿಳಿಯಿತು, ಆ ಮನುಷ್ಯನೂ ಇಡೀ ಋತುವಿನ ಪಂದ್ಯಗಳಿಗೆ ಪಾಸು ಕೊಂಡವರೇ.

ಮನೆಗೆ ಬಂದೆವು. ಮಾವ ಮೇಜಿನ ಮುಂದೆ ಕೂತು ಇಂಗ್ಲಿಷಿನಲ್ಲಿ ಹೇಳಿದರು. "ಅಷ್ಟು ಸಣ್ಣ ಅಂತರ ಊರ್ಸು. ನನ್ನ ಶಿಳ್ಳೆಯೇ ಸಾಕಾಯ್ತು."

ಊರ್ಸ್ ಬಾಯಿ ತೆರೆಯುವ ಮುಂಚೆ ವೆರೇನಾ ಹೇಳಿದರು: "ಇಲ್ಲ ಗೋಪಿ. ಅರ್ಧಕ್ಕಿಂತ ಹೆಚ್ಚು ಲಕೋಟೆ ಆ ಶನಿವಾರದ ಮುಂಚೆಯೇ ಪೆಟ್ಟಿಗೆಗೆ ಬಿದ್ದಿತ್ತು. ಇದನ್ನ ಮಾಡಿದ್ದು ನನ್ನಂಥವರ ಮತ. ನಾನು ಮಾಡಿದ್ದನ್ನ ನೀವು ತಗೋಬೇಡಿ."

ವೆರೇನಾ ಸೂಪು ಬಡಿಸಿದರು. ತಮ್ಮ ತಟ್ಟೆಗೆ ಹಾಕಿಕೊಳ್ಳುತ್ತ ಊರ್ಸ್ ಅವರಿಗೆ ಹೇಳಿದರು: "ಮುಂದಿನ ವರ್ಷ ಆ ಊರಿಗೆ ಮುಕ್ಕಾಲು ಗಂಟೆ. ಕಾರು ನಾನು ಓಡಿಸ್ತೀನಿ, ಎಲ್ಲ ಪಂದ್ಯಕ್ಕೂ. ಆದರೆ ಅಲ್ಲಿನ ಸಾಸೇಜು ತಿನ್ನಲ್ಲ."

"ಅವರದು ನಿನ್ನದಕ್ಕಿಂತ ಚೆನ್ನಾಗಿರತ್ತೆ," ಎಂದರು ಊರ್ಸ್. ಫಲಿತಾಂಶ ಬಂದ ಮೇಲೆ ಅವರಾಡಿದ ಮೊದಲ ಮಾತು. ಎದ್ದು ಬಾಲ್ಕನಿಗೆ ಹೋದರು. ಆ ದಿನ ಉಪ್ಪಿನಕಾಯಿ ತಿಂದು ಬರಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು.

ಸೋಮವಾರ: ಮೂಲೆ ಗೂಟ

ಆ ದಿನ ಸಂಜೆ ನಮ್ಮ ವಿಮಾನ. ಬುಧವಾರಕ್ಕೆ ಒಂದು ಪಂದ್ಯವಿತ್ತು. ಈ ಋತು ಮುಗಿಯುವವರೆಗೆ ಪಂದ್ಯಗಳು ಇಲ್ಲಿಯೇ. ಬೆಳಿಗ್ಗೆ ಎಂಟಕ್ಕೆ ಊರ್ಸ್ ಅಭ್ಯಾಸದಂತೆ ಮೈದಾನಕ್ಕೆ ಹೊರಟರು. ನಾವೂ ಹೋದೆವು.

ಹುಲ್ಲಿನ ಮೇಲೆ ಇಬ್ಬನಿ ಇತ್ತು. ಊರ್ಸ್ ಗಾಡಿಗೆ ಬಣ್ಣ ಸುರಿದರು, ಮುಚ್ಚಳ ತಿರುಗಿಸಿದರು, ಗೆರೆಯ ತುದಿಗೆ ತಳ್ಳಿಕೊಂಡು ಬಂದರು. ಅಲ್ಲಿ ಗಾಡಿಯ ಅಂಚಿನ ಮೇಲೆ ಕೂತುಬಿಟ್ಟರು. ಕೈಯಲ್ಲಿ ದಾರದ ಉಂಡೆ. ಎದುರಿಗೆ ಖಾಲಿ ಮೆಟ್ಟಿಲುಗಳು. ಹತ್ತು ನಿಮಿಷವಾಯಿತು, ಹದಿನೈದಾಯಿತು. ನೋಟ್‌ಬುಕ್ಕನ್ನು ಚೀಲದಲ್ಲಿಟ್ಟೆ.

ಮಾವ ಅವರ ಕೈಯಿಂದ ದಾರ ತೆಗೆದುಕೊಂಡರು. ಒಂದು ತುದಿಯನ್ನು ಗಾಡಿಯ ಪಕ್ಕದ ಗೂಟಕ್ಕೆ ಕಟ್ಟಿದರು. ಉಂಡೆ ಬಿಚ್ಚುತ್ತ ಇಬ್ಬನಿಯಲ್ಲಿ ನಡೆದು ಹೋದರು. ಅವರ ನಡಿಗೆ ಈಗ ನಿಧಾನ. ಆಚೆ ಮೂಲೆ ಮುಟ್ಟಿ, ಬಗ್ಗಿ, ಗೂಟ ನೆಟ್ಟು, ದಾರ ಎಳೆದು ಬಿಗಿದರು. ನೆಟ್ಟಗೆ ನಿಂತು ಎರಡು ಬೆರಳು ಬಾಯಿಗಿಟ್ಟರು.

ಒಂದು ಉದ್ದ, ಎರಡು ಚಿಕ್ಕ.

ಬೇಲಿಯಾಚೆ ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬರು ಥಟ್ಟನೆ ನಿಂತರು. ಅವರು ಮೂಲೆಯಲ್ಲಿದ್ದ ಮಾವನನ್ನು ನೋಡಿದರು, ಗಾಡಿಯ ಮೇಲಿದ್ದ ಊರ್ಸ್ ಅವರನ್ನು ನೋಡಿದರು. ಆಮೇಲೆ ಟೋಪಿ ಎತ್ತಿ ವಂದಿಸಿ ಮುಂದೆ ನಡೆದರು. ಏಳನೆಯ ಪುಟದ ತಿದ್ದುಪಡಿ ಓದಿದ್ದರೋ ಏನೋ.

ಊರ್ಸ್ ನಿಧಾನ ಎದ್ದರು. ಎಡಗೈಯ ಎರಡು ಬೆರಳು ಬಾಯಿಗಿಟ್ಟರು. ಮೊದಲ ಸಲ ಬರೀ ಗಾಳಿ ಬಂತು. ಕಟ್ಟಿಸಿದ ಹಲ್ಲು. ಬೆರಳು ಸರಿಪಡಿಸಿಕೊಂಡು ಇನ್ನೊಮ್ಮೆ ಊದಿದರು. ಅಷ್ಟೇನೂ ಜೋರಾಗಿರಲಿಲ್ಲ, ಆದರೆ ಎಣಿಕೆ ಸರಿಯಾಗಿತ್ತು.

ಆಮೇಲೆ ಬಗ್ಗಿ ಗಾಡಿಯ ಹಿಡಿ ಹಿಡಿದು, ದಾರದ ಗುಂಟ ಗೆರೆ ಎಳೆಯತೊಡಗಿದರು.